ಪೈಲ್ವಾನರ ಮಗಳ ಮೊಣಕಾಲು

ಆಟಗಾರರ ಮೈಕೈ ನೋವಿಗೆ ಫಿಸಿಯೋಥೆರಪಿ ಮಾಡುವುದು ನನ್ನ ಕೆಲಸ. ಎಸ್.ಎಸ್. ಬಡಾವಣೆಯಲ್ಲಿ ಪುಟ್ಟ ಕ್ಲಿನಿಕ್ಕು. ಎಲ್ಲಿ ಒತ್ತಬೇಕು, ಎಷ್ಟು ಒತ್ತಬೇಕು ಅಂತ ಓದಿಕೊಂಡು ಬಂದವಳು ನಾನು. ಅದನ್ನು ತೀರ್ಮಾನಿಸುವವರು ಮಾತ್ರ ರೋಗಿಯ ಜೊತೆ ಬಂದವರು. ದಿನಾ ಇದೇ ಪಂಚಾಯ್ತಿ. ಅದರಲ್ಲೂ ನಂದಿಗುಡಿಯ ಒಬ್ಬ ಕಬಡ್ಡಿ ಹುಡುಗಿಯನ್ನು ನೆನೆದರೆ ನಗು ಬರುತ್ತದೆ, ನಕ್ಕಿದ್ದಕ್ಕೆ ಸಂಕಟವೂ ಆಗುತ್ತದೆ.

ಚೀರದಿದ್ದರೆ ಚಿಕಿತ್ಸೆಯಲ್ಲ

ಹಿಂದೊಮ್ಮೆ ಆಪರೇಷನ್ ಆಗಿದ್ದ ಹುಡುಗಿಯ ಬಲ ಮೊಣಕಾಲು ಮತ್ತೆ ಊದಿತ್ತು. ರಾಜ್ಯ ತಂಡದ ಆಯ್ಕೆ ಹತ್ತಿರ ಬಂದಿತ್ತು, ಆಡಲೇಬೇಕು ಅನ್ನುವುದು ಅವಳ ಹಟ. ಜೊತೆಗೆ ಬಂದ ಅಪ್ಪ ಹರಿಹರದ ಗರಡಿಯಲ್ಲಿ ಸಾಮು ಮಾಡಿದ ಹಳೇ ಪೈಲ್ವಾನರು. ನಾನು ಊತದ ಸುತ್ತ ಹಗುರವಾಗಿ ಕೈಯಾಡಿಸಿದೆ.

"ಏನ್ ಮೇಡಮ್ಮಾರೆ, ಬೆಕ್ಕಿನ ಮರಿ ಸವರಿದಂಗೆ ಸವರ್ತೀರಿ? ನಮ್ಮ ಗರಡ್ಯಾಗ ಉಸ್ತಾದ್ರು ಮಾಲೀಸ್ ಮಾಡಿದ್ರೆ ಚೀರಿದ್ದು ಬೀದಿ ತನಕ ಕೇಳ್ತಿತ್ತು."

"ಊದಿದ ಕಡೆ ಜೋರಾಗಿ ಒತ್ತಿದ್ರೆ ಇನ್ನೂ ಊದುತ್ತೆ ಯಜಮಾನ್ರೆ" ಅಂದೆ. ಅವರು ಮುಖ ಗಂಟು ಹಾಕಿಕೊಂಡು ಹೊರಗೆ ಹೋಗಿ ಕೂತರು.

ಮುಂದಿನ ಸಲ ನಾನು ಕೈ ಇಡುವ ಮೊದಲೇ ಹುಡುಗಿ "ಅಯ್ಯಪ್ಪಾ, ಸತ್ತೆ!" ಅಂತ ಚೀರಿದಳು. ಚಾಚಿದ ಕೈ ಹಿಂದಕ್ಕೆಳೆದುಕೊಂಡೆ.

"ಏನಿಲ್ಲ ಮೇಡಂ," ಅವಳು ಪಿಸುಗುಟ್ಟಿದಳು, "ಅಪ್ಪಾಜಿಗೆ ಸಮಾಧಾನ ಆಗ್ಲಿ ಅಂತ."

ಹೊರಗಿನಿಂದ ಪೈಲ್ವಾನರ ದನಿ ಬಂತು: "ಇದಪ್ಪಾ ಟ್ರೀಟ್‌ಮೆಂಟ್ ಅಂದ್ರೆ!"

ಕೋಚ್ ಸಾಹೇಬರ ಉಪಾಯ

ಊತ ಇಳಿದರೂ ಮೊಣಕಾಲು ಜಾರುತ್ತಿತ್ತು. ಕೀಲನ್ನು ಹಿಡಿದಿಡುವ ಲಿಗಮೆಂಟು ಹರಿದಿರುವ ಅನುಮಾನ ಬಂದು ಸ್ಕ್ಯಾನಿಂಗಿಗೆ ಬರೆದುಕೊಟ್ಟೆ. ಅವಳ ಕೋಚ್ ಓಡಿ ಬಂದರು.

"ಮೇಡಂ, ಸ್ವಲ್ಪ ಮಸಾಜ್ ಮಾಡಿ ಟೇಪ್ ಸುತ್ತಿ ಕಳಿಸ್ರಿ. ಸೆಲೆಕ್ಷನ್ ಮುಗೀಲಿ, ಮೊಣಕಾಲು ಆಮೇಲೆ ನೋಡ್ಕಳ್ಳಾಣ."

ನನಗೆ ರೇಗಿತು. "ಹಂಗಾದ್ರೆ ಮೊಣಕಾಲು ಇಲ್ಲೇ ಬಿಟ್ಟು ಹುಡುಗೀನಷ್ಟೇ ಕರ್ಕೊಂಡು ಹೋಗ್ರಿ" ಅಂದೆ.

ಅವರು ಗಂಭೀರವಾಗಿ ಕೇಳಿದರು: "ಆಗ್ತೈತೇನ್ರಿ?"

ಬಂದದ್ದು ಬಂದೀವಿ

ಸ್ಕ್ಯಾನಿಂಗಿನಲ್ಲಿ ನೋಡಿದರೆ, ಹಿಂದೆ ಆಪರೇಷನ್ ಆಗಿದ್ದ ಲಿಗಮೆಂಟೇ ಮತ್ತೆ ಹರಿದಿತ್ತು. ಮೂಳೆಯ ಮೇಲಿನ ಮೆತ್ತೆಯೂ ಸವೆದಿತ್ತು. ಇನ್ನು ಕಬಡ್ಡಿ ಬೇಡವೇ ಬೇಡ ಅಂದುಬಿಟ್ಟರು ಸರ್ಜನ್. ಅಪ್ಪನಿಗೆ ನಂಬಿಕೆ ಬರಲಿಲ್ಲ, ಮಗಳನ್ನು ಕರೆದುಕೊಂಡು ಸೀದಾ ನನ್ನ ಹತ್ತಿರ ಬಂದರು.

"ಜೋರಾಗಿ ಒತ್ತಿದ್ರೂ ಆಗಂಗಿಲ್ಲೇನ್ರಿ?"

"ಇಲ್ಲ ಯಜಮಾನ್ರೆ. ಕೈಯಿಂದ ನೋವು ಕಮ್ಮಿ ಮಾಡಬಹುದು, ಹರಿದದ್ದನ್ನ ಹೊಲಿಯೋಕಾಗಲ್ಲ."

ಹುಡುಗಿ ಗೋಡೆ ನೋಡುತ್ತಾ ಅಳುತ್ತಿದ್ದಳು. ಆಮೇಲೆ ಅವಳೇ ಕಣ್ಣೊರೆಸಿಕೊಂಡು, "ಅಪ್ಪಾಜಿಗೆ ಸೊಂಟ ಹಿಡ್ಕಂಡೈತೆ ಮೇಡಂ. ಬಂದದ್ದು ಬಂದೀವಿ, ಅವರಿಗಾದ್ರೂ ಒತ್ತಿ ಕಳಿಸ್ರಿ" ಅಂದಳು.

ಪೈಲ್ವಾನರು ಬೋರಲು ಮಲಗಿದರು. ಸೊಂಟಕ್ಕೆ ಕೈ ಇಟ್ಟೆನೋ ಇಲ್ಲವೋ, ಅಷ್ಟು ದೊಡ್ಡ ಆಳು ಮೈ ಮುದುರಿಕೊಂಡು ಕಿಲಕಿಲ ನಕ್ಕುಬಿಟ್ಟರು. ಕಚಗುಳಿ! ಹುಡುಗಿಗೆ ಅಳುವಿನ ನಡುವೆಯೇ ನಗು ಬಂತು.

"ಅಪ್ಪಾಜಿ, ಇಷ್ಟು ಕಚಗುಳಿ ಇಟ್ಕಂಡು ಕುಸ್ತಿ ಹೆಂಗೆ ಗೆಲ್ತಿದ್ರಿ?"

ಅವರು ಮಗಳ ಕೈ ಹುಡುಕಿ ಹಿಡಿದುಕೊಂಡರು. ಮುಖ ಮಾತ್ರ ದಿಂಬಿನಿಂದ ಮೇಲೇಳಲಿಲ್ಲ.

"ಒಂದೂ ಗೆದ್ದಿಲ್ಲ ನನ್ನವ್ವ. ಸೊಂಟಕ್ಕೆ ಕೈ ಹಾಕಿದ್ರೆ ಸಾಕು, ನಗ್ತಾ ನಗ್ತಾನೇ ಬೀಳ್ತಿದ್ದೆ. ನಿಮ್ಮವ್ವಗೆ ಹೇಳ್ಬ್ಯಾಡ."