ಮೇಣ ಹಚ್ಚಿದ ಪಡಸಾಲೆ

ನೆಲ ಇರುವುದು ನಡೆಯುವುದಕ್ಕೋ, ಮುಖ ನೋಡಿಕೊಳ್ಳುವುದಕ್ಕೋ ಎಂದು ಮದುವೆಗೆ ಮೊದಲು ಯಾರಾದರೂ ಕೇಳಿದ್ದರೆ, ಮುಖ ನೋಡಿಕೊಳ್ಳುವುದಕ್ಕೇ ಎನ್ನುತ್ತಿದ್ದೆ. ನಾನು ಓದಿದ ಬೆಳಗಾವಿಯ ಕಾನ್ವೆಂಟಿನಲ್ಲಿ ಪ್ರತಿ ಶನಿವಾರ ಹುಡುಗಿಯರೆಲ್ಲ ಮೊಣಕಾಲೂರಿ ನೆಲಕ್ಕೆ ಜೇನುಮೇಣ ತಿಕ್ಕುತ್ತಿದ್ದೆವು. ತಿಕ್ಕಿದ ಮೇಲೆ ಸಿಸ್ಟರ್ ನಿಯಮಗಳನ್ನು ಹೇಳುತ್ತಿದ್ದರು: ಓಡಬಾರದು, ಒದ್ದೆ ಕಾಲಿಡಬಾರದು, ಬರಿ ಕಾಲುಚೀಲದಲ್ಲಿ ನಡೆಯಲೇಬಾರದು. ತಿಕ್ಕುವುದನ್ನು ಚೆನ್ನಾಗಿ ಕಲಿತೆ. ನಿಯಮಗಳ ಹೊತ್ತಿಗೆ ನನಗೆ ಹಸಿವಾಗಿರುತ್ತಿತ್ತು.

ಹೀಗೆ ಅರ್ಧ ಕಲಿತವಳು ಗೋಕಾಕದ ವ್ಯಾಪಾರಸ್ಥರ ಮನೆಗೆ ಸೊಸೆಯಾಗಿ ಬಂದೆ. ಮಾವನವರು ಕಲೆಕ್ಟರ್ ಸಾಹೇಬರ ಬಂಗಲೆ ನೋಡಿಬಂದು ಪಡಸಾಲೆಗೆ ನುಣುಪಾದ ಫರ್ಸಿ ಕಲ್ಲು ಹಾಕಿಸಿದ್ದರು. ಆಗಲೇ ನಾದಿನಿ ಗಂಗವ್ವನನ್ನು ನೋಡಲು ತುಕ್ಕಾನಟ್ಟಿಯವರು ಬರುತ್ತಾರೆಂದು ಸುದ್ದಿ ಬಂತು. ಗಂಗವ್ವನದು ದುಬುದುಬು ನಡಿಗೆ. ಹಿಂದೆ ಎರಡು ಕಡೆಯವರು, "ಹುಡುಗಿ ಪೈಲವಾನ ನಡದಂಗ ನಡೀತಾಳ" ಎಂದು ಹೇಳಿ ಕಳಿಸಿದ್ದರು. ತುಕ್ಕಾನಟ್ಟಿಯ ಈ ಹುಡುಗನನ್ನೋ ಅವಳು ಅಂಕಲಗಿಯ ಮದುವೆಯೊಂದರಲ್ಲಿ ನೋಡಿದ್ದಳು. ನೋಡಿಬಂದ ಮೇಲೆ ಎರಡು ದಿನ ರೊಟ್ಟಿ ಬಡಿಯುತ್ತ ಹಾಡಿದ್ದಳು. "ವೈನೀ, ಇದೊಂದು ಕೂಡಿಬರ್ಲಿ ನೋಡ್ರಿ" ಎಂದು ಅತ್ತಿಗೆಯಾದ ನನ್ನ ಹತ್ತಿರ ಅಂದಳು. ಮನೆಯಾದರೂ ಹೊಳೆಯಲಿ ಎಂದು ನಾನು ಎರಡು ದಿನ ಮೇಣ ತಿಕ್ಕಿದೆ. ಇಲಿಯ ಬೆನ್ನು ಹತ್ತಿ ಬಂದ ಬೆಕ್ಕು ಇಲಿಯನ್ನೂ ದಾಟಿ ಹೋಗಿ ಗೋಡೆಗೆ ಬಡಿಯಿತು.

"ಏನ ಹಚ್ಚೀಯವಾ ಇದಕ, ಬೆಣ್ಣಿ ಏನ?" ಎಂದರು ಅತ್ತೆ, ಗೋಡೆ ಹಿಡಿದುಕೊಂಡು.

"ಮೇಣ ರೀ ಅತ್ತಿ. ನೋಡ್ರಿ, ಮಾರಿ ಕಾಣತೈತಿ."

"ಬಿದ್ದು ಮಾರಿನ ಉಳೀಲಿಲ್ಲಂದ್ರ ಏನ ನೋಡ್ಕೊಳ್ಳೋದು?"

ಅವರು ಬಾಗಿಲಿನಿಂದ ಒಳಗಿನವರೆಗೆ ಜಮಖಾನೆ ಹಾಸಿದರು. ಆದ್ದರಿಂದ ಹುಡುಗ, ಅವನ ತಾಯಿ, ಅವನ ಕಾಕಾ ಸುಖವಾಗಿ ಬಂದು ಕುಳಿತರು. ಹುಡುಗ ಪೇಟೆಯವರ ಹಾಗೆ ಬೂಟು ಹಾಕಿಕೊಂಡು ಬಂದಿದ್ದ; ಬೂಟು ಹೊರಗೆ ಬಿಟ್ಟರೂ ಕಾಲುಚೀಲ ಕಾಲಲ್ಲೇ ಇತ್ತು. ತಿಂಡಿಯಾದ ಮೇಲೆ ಹುಡುಗನ ತಾಯಿ, "ಆ ತಂಬಿಗಿ ತಗೊಂಡು ಇತ್ತಾಗ ಒಂಚೂರು ನಡದು ಬಾರವಾ" ಎಂದರು. ಗಂಗವ್ವ ಜಮಖಾನೆಯಾಚೆಯ ಮೇಣದ ಮೇಲೆ ಉಸಿರು ಹಿಡಿದು, ನೆಲದಿಂದ ಕಣ್ಣು ಕೀಳದೆ, ಮಲಗಿದ ಕೂಸನ್ನು ದಾಟುವವಳ ಹಾಗೆ ಒಂದೊಂದೇ ಹೆಜ್ಜೆ ಇಟ್ಟಳು.

"ಏನ್ ನಾಚಿಕಿ, ಏನ್ ನಡಿಗಿ! ನೆಲಕ್ಕ ನೋವಾದೀತು ಅನ್ನವ್ರಂಗ ನಡೀತಾಳ!" ಎಂದು ಆ ತಾಯಿ ಕರಗಿಹೋದರು.

ಹುಡುಗನಿಗೆ ಹಿಗ್ಗು. ಕೈ ತೊಳೆಯುವ ನೆಪದಲ್ಲಿ ಎದ್ದು ಜಮಖಾನೆ ಬಿಟ್ಟು ಇಳಿದ. ಒಂದು ಕಾಲು ಹುಕ್ಕೇರಿಗೆ ಹೊರಟಿತು, ಇನ್ನೊಂದು ಮೂಡಲಗಿಗೆ. ಎದ್ದ, ಮತ್ತೆ ಬಿದ್ದ. ಕಂಬದ ಬಳಿ ಕುಳಿತಿದ್ದ ಮಾವನವರ ತಾಯಿಗೆ ಕಣ್ಣು ಮಂಜು, ಬಾಯಿ ಮಾತ್ರ ಚೊಕ್ಕ. "ಹುಡುಗನ ಕಾಲು ಡೊಂಕ ಅದಾವೇನ್ರಿ? ಅವನ್ನೂ ಒಂಚೂರು ನಡಿಸಿ ತೋರಸ್ರಲಾ" ಎಂದರು.

"ನಮ್ಮ ಮನಿತನದಾಗ ಯಾರಿಗೂ ಕಾಲು ಡೊಂಕಿಲ್ಲ!" ಎಂದು ಕಾಕಾ ಸಿಟ್ಟಿನಿಂದ ಎದ್ದು ನಡೆದು ತೋರಿಸಲು ಹೋಗಿ, ಹುಡುಗನ ಪಕ್ಕದಲ್ಲೇ ಅಂಗಾತ ಬಿದ್ದರು.

"ಮನಿತನದಾಗ ಐತಿ ಬಿಡ" ಎಂದರು ಅಜ್ಜಿ.

ಗಂಗವ್ವನ ಕಣ್ಣು ತುಂಬಿದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. "ತಪ್ಪು ಕಾಲಿಂದಲ್ರೀ, ನಾ ಹಚ್ಚಿದ ಮೇಣದ್ದು!" ಎನ್ನುತ್ತ ಅಡಿಗೆಮನೆಯ ಬಾಗಿಲಿಂದ ಧಾವಿಸಿದೆ. ಹೇಳಿ ಮುಗಿಯುವಷ್ಟರಲ್ಲಿ ನಾನೂ ಅವರಿಬ್ಬರ ಸಾಲಿನಲ್ಲಿ ಮಲಗಿದ್ದೆ.

ಮೊದಲು ನಕ್ಕವನು ಹುಡುಗ. ಗಂಗವ್ವ ತಂಬಿಗೆ ಕೆಳಗಿಟ್ಟು, ಹುಷಾರಾಗಿ ಹೋಗಿ ಜಮಖಾನೆಯ ತುದಿಯನ್ನು ಅವನ ಕೈಗೆ ಸಿಗುವಂತೆ ಸರಿಸಿದಳು. ಅವನು ಅದನ್ನು ಹಿಡಿದು ಎದ್ದ. ಅವನ ತಾಯಿ ಇಬ್ಬರನ್ನೂ ನೋಡಿ, "ಬಿದ್ದವನ್ನ ಎಬ್ಬಸಾಕ ಬರತೈತಿ, ನಮಗಷ್ಟ ಸಾಕು. ಹುಡುಗಿ ಪಸಂದ" ಎಂದರು.

ಆಮೇಲೆ ಅವರ ದೃಷ್ಟಿ, ಪಾದ ಉಳುಕಿ ಇನ್ನೂ ನೆಲದಲ್ಲೇ ಇದ್ದ ನನ್ನ ಮೇಲೆ ಬಿತ್ತು. ಮರುಕದಿಂದ ಅತ್ತೆಯ ಕಡೆ ಬಾಗಿ, "ಲಗ್ನಕ್ಕ ಮದ್ಲ ಈಕಿನ್ನ ನೀವು ನಡಿಸಿ ನೋಡಲಿಲ್ಲೇನ್ರಿ?" ಎಂದು ಕೇಳಿದರು.

ಅತ್ತೆ ನಿಟ್ಟುಸಿರು ಬಿಟ್ಟರು. "ಇಲ್ರೀ. ಇಂಗ್ಲಿಷ್ ಓದಿಸಿ ನೋಡಿದ್ವಿ."