ಕರೆಂಟು ಸಾಂಬ್ರಾಣಿಯವರ ಮೇಲೆ ಒಂದು ತಕರಾರು ಅರ್ಜಿ

ಮಾನ್ಯ ಹೊಗೆಯಂತ್ರ ಮಹಾಶಯರೇ,

ಕಾಲುಚೀಲದೊಳಗೆ ಅಡಗಿ ವಿಮಾನವೇರಿ, ಸಮುದ್ರ ದಾಟಿ, ತುಮಕೂರಿನಿಂದ ಮಧುಗಿರಿಯವರೆಗೆ ಬಸ್ಸಿನಲ್ಲಿ ನೂಕಿಸಿಕೊಂಡು ಬಂದು, ಸದ್ಯ ನಮ್ಮ ಮನೆಯ ಬೀರುವಿನ ಮೇಲೆ ಬಿಜಯಂಗೈದಿರುವ ತಮ್ಮ ಸನ್ನಿಧಾನಕ್ಕೆ, ಇದೇ ಊರಿನ ನೋಂದಣಿ ಕಚೇರಿಯ ಎದುರು ಹೊಂಗೆ ಮರದ ನೆರಳಲ್ಲಿ ಮೇಜು ಹಾಕಿಕೊಂಡು ಪರರ ಕ್ರಯಪತ್ರ, ವಿಭಾಗಪತ್ರ, ತಕರಾರು ಅರ್ಜಿಗಳನ್ನು ಬರೆದುಕೊಟ್ಟು ಹೊಟ್ಟೆ ಹೊರೆಯುವ ತಿಮ್ಮರಾಯಪ್ಪ ಎಂಬ ನಾನು ಕೈಮುಗಿದು ಮಾಡಿಕೊಳ್ಳುವ ಅರಿಕೆ. ನಾವು ಇಲ್ಲಿ ಕ್ಷೇಮ, ತಮ್ಮ ಬ್ಯಾಟರಿಯ ಕ್ಷೇಮಸಮಾಚಾರಕ್ಕೆ ಆಗಾಗ್ಗೆ ದೀಪ ಮಿಟುಕಿಸುತ್ತಿರಬೇಕು. ಊರವರ ಸಂಕಟವನ್ನೆಲ್ಲ ಬರೆದ ಈ ಕೈ ಸ್ವಂತ ಸಂಕಟ ಬರೆಯುತ್ತಿರುವುದು ಇದೇ ಮೊದಲು. ಫೀಸಿಲ್ಲದ ಕೆಲಸವಾದ್ದರಿಂದ ಕೊಂಚ ಉದ್ದವಾದೀತು, ಸಹಿಸಿಕೊಳ್ಳಬೇಕು.

ಸಂಗತಿ ಏನೆಂದರೆ, ಮೀಸೆ ಮೂಡಿದ ದಿನದಿಂದ ನಾನು ಬೀಡಿ ಸೇದುವವನು. ಬೀಡಿ ಕಚ್ಚದೆ ನನಗೆ ಜಮೀನಿನ ಚಕ್ಕುಬಂದಿ ಬರೆಯಲು ಬರುವುದಿಲ್ಲ, ಪೂರ್ವಕ್ಕೆ ಬರೆಯಬೇಕಾದ ಹೊಲವನ್ನು ಪಶ್ಚಿಮಕ್ಕೆ ಬರೆದುಬಿಡುತ್ತೇನೆ. ಇದನ್ನು ನನ್ನ ಹೆಂಡತಿ ರಾಜಲಕ್ಷ್ಮಮ್ಮ ಗೊಣಗುತ್ತಲೇ ಸಹಿಸಿದ್ದಳು. ಆದರೆ ಶಿರಾದಲ್ಲಿ ಹೈಸ್ಕೂಲಿಗೆ ವಿಜ್ಞಾನ ಕಲಿಸುವ ನಮ್ಮ ಒಬ್ಬಳೇ ಮಗಳು ಹರ್ಷಿತಾ ಬಾಣಂತನಕ್ಕೆಂದು ಬಂದವಳು, ಹೆಣ್ಣುಮಗುವನ್ನು ಹೆತ್ತು ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಹೊಸ್ತಿಲಲ್ಲಿ ನಿಂತು ಒಂದು ಆದೇಶ ಹೊರಡಿಸಿದಳು. "ಅಪ್ಪಾ, ನಿನ್ ಮೈಯಾಗೆ ಬೀಡಿ ವಾಸ್ನೆ ಇರೋಗಂಟ ಮಗೂನ ಕೊಡಾಕಿಲ್ಲ. ಬೇಜಾರ್ ಮಾಡ್ಕಂಡ್ರೂ ಸರಿ." ನಾನು ಸೋಪು ಹಾಕಿದೆ, ಬೇವಿನಸೊಪ್ಪು ಅಗಿದೆ, ಅಂಗಿಗೆ ಸೆಂಟು ಹೊಡೆದುಕೊಂಡೆ. ಅವಳು ಬಾಗಿಲಲ್ಲೇ ಮೂಗರಳಿಸಿ "ಸೆಂಟು ಹೊಡ್ಕಂಡಿರೋ ಬೀಡಿ" ಅಂದು ಒಳಗೆ ಹೋದಳು. ಮೂರನೆಯ ಮನೆಯವರೆಲ್ಲ ಎತ್ತಿ ಆಡಿಸಿದ ಮೊಮ್ಮಗಳನ್ನು ಸ್ವಂತ ಅಜ್ಜನಾದ ನಾನು ಕಿಟಕಿ ಸರಳಿನಾಚೆಯಿಂದ ನೋಡಬೇಕಾಗಿ ಬಂದದ್ದು ನನ್ನ ಹೊಟ್ಟೆ ಉರಿಸಿತು, ಸುಳ್ಳೇಕೆ ಹೇಳಲಿ.

ಇಂಥ ಸಂಧಿಕಾಲದಲ್ಲಿ ತಮ್ಮ ಅವತಾರವಾಯಿತು. ದುಬೈಯಲ್ಲಿ ಲಿಫ್ಟ್ ರಿಪೇರಿ ಮಾಡುವ ನನ್ನ ಹೆಂಡತಿಯ ತಮ್ಮನ ಮಗ ಪ್ರಸನ್ನಕುಮಾರ್ ರಜೆಗೆ ಬಂದವನು ನನ್ನ ಗೋಳು ಕೇಳಿ ತಮ್ಮನ್ನು ಜೇಬಿನಿಂದ ತೆಗೆದು, "ಮಾವ, ಇದು ಇ-ಸಿಗರೇಟು, ಪ್ರೀಮಿಯಂ ಪೀಸು. ಹೊಗೆ ಅಲ್ಲ, ಬರೀ ಆವಿ. ಇಡ್ಲಿ ಪಾತ್ರೆ ಮುಚ್ಚಳ ತೆಗುದ್ರೆ ಬರಲ್ವಾ, ಅಂಗೆ. ಸೇದ್ ನೋಡಿ, ಹಿಡುಸ್ದ್ರೆ ದುಡ್ಡು ಕೊಡೀರಂತೆ" ಅಂದನು. ನಮ್ಮ ದೇಶದಲ್ಲಿ ತಮ್ಮನ್ನು ತರುವಂತಿಲ್ಲ, ಮಾರುವಂತಿಲ್ಲ ಎಂಬುದು ಕಾಯಿದೆಯ ಮಗ್ಗುಲಲ್ಲೇ ಕೂತು ಬರೆಯುವ ನನಗೆ ಚೆನ್ನಾಗಿ ಗೊತ್ತು. ಆದರೂ ಮೊಮ್ಮಗಳ ಆಸೆ ಕಾಯಿದೆಗಿಂತ ದೊಡ್ಡದಾಯಿತು. ಇನ್ನು ತಮ್ಮ ಬೆಲೆ ಕೇಳಿ ನಾನು ಜಗಲಿ ಹಿಡಿದುಕೊಂಡೆ. ಪ್ರೀಮಿಯಂ ಎಂದರೆ ಇನ್ಶೂರೆನ್ಸಿನವರು ಕಟ್ಟಿಸಿಕೊಳ್ಳುವುದು, ನಾವು ಸತ್ತ ಮೇಲೆ ಮನೆಯವರಿಗೆ ಏನಾದರೂ ಸಿಗಲಿ ಎಂದು ಕಟ್ಟುವುದು ಎಂದಷ್ಟೇ ತಿಳಿದಿದ್ದ ನನಗೆ, ಸಾಯುವುದಕ್ಕೇ ಒಂದು ಪ್ರೀಮಿಯಂ ಉಂಟೆಂದು ತಿಳಿಸಿಕೊಟ್ಟ ತಮಗೆ ನಾನು ಋಣಿ. ಅಷ್ಟು ದುಡ್ಡಿಗೆ ನನ್ನ ಆಯುಸ್ಸಿಗಾಗುವಷ್ಟು ಬೀಡಿ ಬರುತ್ತದೆ, ಆಯುಸ್ಸು ಗಿಡ್ಡವಾದರೆ ತಿಥಿಗೆ ಬಂದವರಿಗೂ ಹಂಚಬಹುದು.

ತಮ್ಮ ರೂಪವನ್ನು ವರ್ಣಿಸಲು ನನ್ನಲ್ಲಿ ಪದಗಳಿಲ್ಲ. ಕಪ್ಪು ಬಣ್ಣ, ನುಣುಪು ಮೈ, ಬುಡದಲ್ಲಿ ನೀಲಿ ದೀಪ. ಮಾರನೆಯ ದಿನ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಬಹಳ ಹೆಮ್ಮೆಯಿಂದ ತಮ್ಮನ್ನು ಬಾಯಿಗಿಟ್ಟುಕೊಂಡೆ. ಟೀ ಸೋಸುತ್ತಿದ್ದ ರಂಗೇಶ್ ಕೈ ನಿಲ್ಲಿಸಿ, ಪಕ್ಕದವನಿಗೆ "ನೋಡ್ಲಾ ನೋಡ್ಲಾ, ತಿಮ್ಮರಾಯಪ್ಪಾರು ಪೆನ್ ಡ್ರೈವ್ ಸೇದ್ತಾವ್ರೆ ಕಣ್ಲಾ" ಅಂದನು. ಅಂದಿನಿಂದ ನೋಂದಣಿ ಕಚೇರಿಯ ಸುತ್ತಮುತ್ತ ನನ್ನ ಹೆಸರು ಪೆನ್ ಡ್ರೈವ್ ಎಂದೇ ಆಗಿದೆ. ತಮ್ಮ ಪರಿಮಳವಾದರೂ ಗಂಡಸರ ಪರಿಮಳವೇ? ತಣ್ಣನೆ ಮಾವು ಎಂದು ಡಬ್ಬಿಯ ಮೇಲೆ ಚಿತ್ರವಿದೆ, ಆದರೆ ಬಾಯಿಗೆ ಬರುವುದು ಬೇಕರಿಯಲ್ಲಿ ಮಿಕ್ಕಿದ ಕೇಕಿನ ವಾಸನೆ. ವಿಭಾಗಪತ್ರಕ್ಕೆ ಬಂದ ಐ.ಡಿ. ಹಳ್ಳಿಯ ಅಣ್ಣತಮ್ಮಂದಿರು ಯಾರದೋ ಹುಟ್ಟುಹಬ್ಬವೆಂದು ತಿಳಿದು ಸ್ವೀಟಿಗಾಗಿ ಬಹಳ ಹೊತ್ತು ಕಾದರು. ನನ್ನ ಮೇಜಿಗೆ ನೊಣಗಳ ದಾವೆಯೂ ಹೆಚ್ಚಿತು.

ಮಹಾಶಯರೇ, ನಮ್ಮ ಕಡೆ 'ದಮ್ಮು' ಎಂಬುದೊಂದು ಮಾತಿದೆ, ತಮ್ಮ ಡಬ್ಬಿಯಲ್ಲಿ ಬರುವ ಕಿರುಹೊತ್ತಗೆಯಲ್ಲಿ ಅದರ ಪ್ರಸ್ತಾಪವಿಲ್ಲ. ಬೀಡಿ ಎಳೆಯುವುದೂ ದಮ್ಮೇ, ಎಳೆದೆಳೆದು ಎದೆ ಗೊರಗೊರ ಅನ್ನುವುದೂ ದಮ್ಮೇ. ಬೆಟ್ಟ ಹತ್ತುವವನಿಗೆ ಬೇಕಾದದ್ದು ದಮ್ಮು, ಜಗಳದಲ್ಲಿ ಎದುರಾಳಿಗೆ ಇದೆಯಾ ಎಂದು ಕೇಳುವುದೂ ದಮ್ಮು, ಮಗಳ ಮುಂದೆ ಸೋತು ನಿಂತವನ ಬಾಯಿಂದ ಹೊರಡುವುದು ದಮ್ಮಯ್ಯ. ತಾವು ಇದರಲ್ಲಿ ಎರಡನೆಯದನ್ನು ಯಾವ ಕೊರತೆಯೂ ಇಲ್ಲದಂತೆ ಒದಗಿಸಿದ್ದೀರಿ. ಕೆಮ್ಮು ಮೊದಲಿನಷ್ಟೇ ಇದೆ, ಈಗ ಮಾವಿನಹಣ್ಣಿನ ವಾಸನೆಯಲ್ಲಿ ಬರುತ್ತದೆ ಎಂಬುದೊಂದೇ ಸುಧಾರಣೆ.

ಇನ್ನೊಂದು ತಕರಾರು ಬೆಂಕಿಯ ಬಗೆಗಿನದು. ಕೋರ್ಟಿನ ಕಾಂಪೌಂಡಿನ ಹೊರಗೆ, ಬದುವಿನ ವ್ಯಾಜ್ಯಕ್ಕೆ ಅಪ್ಪಂದಿರ ಕಾಲದಿಂದ ಮುಖ ನೋಡದ ವಾದಿ ಪ್ರತಿವಾದಿಗಳು "ಬೆಂಕಿ ಐತಾ" ಎಂದು ಒಂದೇ ಕಡ್ಡಿಯಲ್ಲಿ ಬೀಡಿ ಹತ್ತಿಸಿಕೊಂಡು, ಎರಡು ದಮ್ಮು ಎಳೆಯುವಷ್ಟರಲ್ಲಿ ರಾಜಿಗೆ ಬಂದು, ರಾಜಿಪತ್ರ ಬರೆಸಲು ನನ್ನ ಮೇಜಿಗೇ ಬಂದದ್ದುಂಟು. ಹೀಗಿರುವಾಗ ನನ್ನ ಹತ್ತಿರ ಬೆಂಕಿ ಕೇಳಿದವರಿಗೆ ನಾನೇನು ಕೊಡಬೇಕು? ಚಾರ್ಜರಿನ ತಂತಿಯನ್ನೇ? ಅದೂ ಕರೆಂಟು ಇದ್ದರೆ ತಾನೆ. ಬೀಡಿಯವನಿಗೆ ಯಾವ ಕಾಲದಲ್ಲೂ ಲೋಡ್ ಶೆಡ್ಡಿಂಗ್ ಇರಲಿಲ್ಲ ಎಂಬುದನ್ನು ತಾವು ದಯಮಾಡಿ ಗಮನಿಸಬೇಕು.

ಇಷ್ಟಾದರೂ ನಾನು ತಮ್ಮ ಪರವಾಗಿಯೇ ಇದ್ದೆ. ಹರ್ಷಿತಾಳ ಮುಂದೆ ತಮ್ಮ ವಕಾಲತ್ತು ವಹಿಸಿ, "ಇದು ಬರೀ ಆವಿ ಕಣಮ್ಮ, ಒಂದಿಷ್ಟೂ ಕೆಟ್ಟದ್ದಿಲ್ಲ, ಇನ್ನಾದ್ರೂ ಮಗೂನ ಕೊಡು" ಎಂದು ದಿನಾ ವಾದಿಸಿದೆ. ಅವಳು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ, "ನೋಡಾನ" ಎಂದಳು. ನನಗೆ ಹೆಚ್ಚು ಸಿಟ್ಟು ಬರಿಸಿದ್ದು ಬಾಣಂತಿ ಕೋಣೆಯ ಅವಸ್ಥೆ. ದಿನಾ ಬೆಳಿಗ್ಗೆ ದೊಡ್ಡೇರಿಯಿಂದ ಮಗುವಿಗೆ ನೀರು ಹಾಕಲು ಬರುವ ಚಿಕ್ಕಹನುಮಕ್ಕ, ಎಣ್ಣೆ ತಿಕ್ಕಿ ನೀರು ಹಾಕಿದ ಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಮಗುವಿನ ಒದ್ದೆ ತಲೆಗೆ ಆ ಹೊಗೆ ಹಿಡಿಯುತ್ತಾಳೆ. ಕೋಣೆಯೆಲ್ಲ ಹೊಗೆ ಮುಚ್ಚಿ, ಒಳಗೆ ಯಾರಿದ್ದಾರೆಂಬುದು ಕೆಮ್ಮಿನಿಂದಲೇ ಗೊತ್ತಾಗಬೇಕು. ವಿಜ್ಞಾನದ ಮೇಡಂ ಅದಕ್ಕೆ ಚಕಾರವೆತ್ತುವುದಿಲ್ಲ, ಅವರಮ್ಮನ ಭಯ. ಹೊಗೆಯೊಳಗೂ ಇಂಥ ಪಂಕ್ತಿಭೇದವೇ ಎಂದು ನಾನು ಕಿಟಕಿಯಾಚೆ ಹಲ್ಲು ಕಡಿಯುತ್ತಿದ್ದೆ.

ಕಳೆದ ಸೋಮವಾರ ಮನೆಯಲ್ಲಿ ಇದ್ದಿಲು ಮುಗಿದುಹೋಗಿತ್ತು. ನಾನು ಹಿತ್ತಿಲಲ್ಲಿ ಒಗೆಯುವ ಕಲ್ಲಿನ ಮೇಲೆ ಕೂತು ತಮ್ಮ ಸೇವೆಯಲ್ಲಿದ್ದೆ. ಕೆಂಡ ಹುಡುಕುತ್ತ ಬಂದ ಚಿಕ್ಕಹನುಮಕ್ಕ ನನ್ನ ಬಾಯಿಂದ ಹೊರಟ ಮೋಡವನ್ನು ಕಂಡು ಬೆರಗಾಗಿ, "ಇದ್ಯಾವ್ದು ಸಾಮಿ, ಕರೆಂಟು ಸಾಂಬ್ರಾಣಿನಾ? ಎಷ್ಟ್ ಗಮ್ಮಂತೈತೆ. ಕೂಸಿನ ತಲೆ ಒದ್ದೆ ಐತೆ, ಇತ್ಲಾಗ್ ಕೊಡಿ" ಎಂದವಳೇ ತಮ್ಮನ್ನು ನನ್ನ ಕೈಯಿಂದ ಕಿತ್ತುಕೊಂಡು ಒಳಗೆ ನಡೆದಳು. ನಾನು ಪಂಚೆ ಎತ್ತಿಕಟ್ಟಿ ಹಿಂದೆಯೇ ಓಡಿದೆ. ತಿಂಗಳಿಂದ ಪ್ರವೇಶವಿಲ್ಲದ ಕೋಣೆಯೊಳಗೆ ಹಾಗೆ ನನ್ನ ಪ್ರವೇಶವಾಯಿತು. ಅಲ್ಲಿ ಅವಳು ತಮ್ಮ ಕಿವಿ ಹಿಂಡಿ, ತಲೆ ತಟ್ಟಿ, ಮಗುವಿನ ನೆತ್ತಿಯ ಮೇಲೆ ಆಡಿಸಿ ನೋಡಿದಳು. ಬಾಯಿಂದ ಎಳೆಯದೆ ಹೊಗೆ ಬಿಡಬಾರದೆಂಬ ತಮ್ಮ ಶಿಸ್ತಿಗೆ ಆ ಒಂದು ಕ್ಷಣಕ್ಕಾಗಿ ನಾನು ನಿಜಕ್ಕೂ ಕೃತಜ್ಞ. ಕೊನೆಗೆ ಅವಳು ತಮ್ಮನ್ನು ನನ್ನ ಕೈಗೇ ಕೊಟ್ಟು, "ನಂಗ್ ಬರಾಕಿಲ್ಲ, ನೀವೇ ಎಳ್ದು ಕೂಸಿನ ತಲೆ ಮ್ಯಾಲೆ ಊದ್ಬುಡಿ ಸಾಮಿ" ಅಂದಳು.

ಮಂಚದ ಮೇಲೆ ಕೂತಿದ್ದ ಹರ್ಷಿತಾ ನನ್ನನ್ನೇ ನೋಡುತ್ತ, ಒಂದಿಷ್ಟೂ ದನಿ ಏರಿಸದೆ, "ಊದಪ್ಪ. ಬರೀ ಆವಿ ತಾನೆ?" ಅಂದಳು.

ನಾನು ಏನು ಹೇಳಬೇಕೆಂದು ಯೋಚಿಸಲಿಲ್ಲ. "ಥೂ, ಇಷ್ಟುದ್ದ ಮಗೀಗಾ? ಇಂಥದ್ನಾ? ಬ್ಯಾಡ" ಎಂಬ ಮಾತು ಬಾಯಿಂದ ತಾನಾಗಿಯೇ ಬಂತು. ಆಡಿದ ಮೇಲೆ ಕಿವಿಗೆ ಬಿತ್ತು. ಇಷ್ಟು ದಿನ ತಮ್ಮ ಪರವಾಗಿ ನಾನು ಮಂಡಿಸಿದ ವಾದವೆಲ್ಲ ನನ್ನದೇ ಹೇಳಿಕೆಯಿಂದ ಬಿದ್ದುಹೋಯಿತು, ಸಾಕ್ಷಿ ಬೇಕಾಗಲಿಲ್ಲ, ಮುಂದಿನ ತಾರೀಕೂ ಬೇಕಾಗಲಿಲ್ಲ. ಹರ್ಷಿತಾ ಬೈದಿದ್ದರೆ ಒಂದು ಉತ್ತರವಾದರೂ ಕೊಡುತ್ತಿದ್ದೆ. ನನಗೆ ನಾಚಿಕೆಯಾಯಿತು ಮಹಾಶಯರೇ, ಬರೆದು ತಿಳಿಸುತ್ತಿದ್ದೇನೆ.

ಆದಕಾರಣ ಕೊಡಬೇಕಾದ ದುಡ್ಡಿಗೆ ತಾವು ಬಾಳುವವರೋ ಅಲ್ಲವೋ ಎಂಬ ಪ್ರಶ್ನೆ ಇತ್ಯರ್ಥವಾಗಿದೆ. ಬಿಟ್ಟಿ ಕೊಟ್ಟರೂ ತಾವು ನಮಗೆ ದುಬಾರಿ. ಬೀಡಿಯ ಕಟ್ಟನ್ನೂ ಅಂದೇ ಒಲೆಗೆ ಹಾಕಿದ್ದೇನೆ. ಅದು ತಮಗಿಂತ ಪ್ರಾಮಾಣಿಕ, ತಾನು ಆವಿಯೆಂದು ಒಂದು ದಿನವೂ ಹೇಳಿಕೊಂಡದ್ದಿಲ್ಲ, ಆದರೂ ಹಾಕಿದೆ. ಈಗ ತಮ್ಮನ್ನೇನು ಮಾಡುವುದೆಂಬುದೇ ದೊಡ್ಡ ತಲೆನೋವು. ಪ್ರಸನ್ನಕುಮಾರ್ "ನೀವ್ ಎಂಜಲು ಮಾಡೀರ ಮಾವ, ವಾಪಸ್ ಇಲ್ಲ" ಎನ್ನುತ್ತಾನೆ, ಅವನ ಸೈಟಿನ ಕ್ರಯಪತ್ರದ ಬರವಣಿಗೆ ಫೀಸಿನಲ್ಲಿ ವಜಾ ಹಾಕಿಕೊಳ್ಳುವುದೆಂದು ಒಪ್ಪಂದವಾಗಿದೆ. ಮಾರೋಣವೆಂದರೆ ನಾನೇ ಅಪರಾಧಿಯಾಗುತ್ತೇನೆ. ಗುಜರಿಯವನು ತಮ್ಮನ್ನು ತಿರುವಿ ಮುರುವಿ ನೋಡಿ, ಕಬ್ಬಿಣವೂ ಅಲ್ಲ ತಾಮ್ರವೂ ಅಲ್ಲ ಎಂದು ತಿರಸ್ಕರಿಸಿದ್ದಾನೆ. ಆದ್ದರಿಂದ ತಾವು ಬಂದ ಕಾಲುಚೀಲದಲ್ಲೇ ಹೊಕ್ಕು, ಯಾರ ನೆರವೂ ಇಲ್ಲದೆ ತಾವಾಗಿಯೇ ದುಬೈಗೆ ಹಿಂದಿರುಗಬೇಕೆಂದೂ, ಹೋಗುವ ದಾರಿಯಲ್ಲಿ ನನ್ನ ಕೆಮ್ಮನ್ನು ಜೊತೆಗೆ ಕರೆದೊಯ್ಯಬೇಕೆಂದೂ, ಪೆನ್ ಡ್ರೈವ್ ಎಂಬ ಬಿರುದನ್ನು ರಂಗೇಶನ ಬಾಯಿಂದ ಅಳಿಸಿಹಾಕಬೇಕೆಂದೂ, ಊಟವಾದ ಮೇಲೆ ಬಾಯಿ ಹಿಡಿಯುವ ಆ ಹಾಳು ತುಡಿತವನ್ನು ಇಂಥ ವಸ್ತುಗಳನ್ನು ತಯಾರಿಸಿದ ಧಣಿಗಳಿಗೆ ಬಡ್ಡಿ ಸಮೇತ ಮುಟ್ಟಿಸಬೇಕೆಂದೂ ಕೋರುತ್ತೇನೆ. ಭಾಷೆ ಎಲ್ಲಿಯಾದರೂ ಕಟುವಾಗಿದ್ದರೆ, ಸೋಮವಾರದಿಂದ ಬರೀ ಲವಂಗ ಅಗಿಯುತ್ತಿರುವವನ ಕೈಬರಹವೆಂದು ಮನ್ನಿಸುವುದು.

ಇಂತಿ, ಉಸಿರು ಇರುವ ತನಕ ಮತ್ತು ಉಸಿರಿಗೋಸ್ಕರವೇ ತಮ್ಮಿಂದ ದೂರವಿರಲು ಬಯಸುವ,
ತಮ್ಮ ವಿಶ್ವಾಸಿ,
ತಿಮ್ಮರಾಯಪ್ಪ, ಪತ್ರಬರಹಗಾರರು,
ಮಧುಗಿರಿ.

ಮರೆತ ಮಾತು: ಮೇಲಿನದನ್ನು ಬರೆದು ಮುಗಿಸುವ ಹೊತ್ತಿಗೆ ಹರ್ಷಿತಾ ಬಂದು, ನನ್ನ ಎರಡೂ ಕೈಗಳನ್ನು ಮೂಸಿ, ಅಂಗಿಯನ್ನು ಮೂಸಿ, ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿ ಹೋಗಿದ್ದಾಳೆ. ಒಂದೇ ಕೈಯಲ್ಲಿ ಬರೆಯುತ್ತಿರುವುದರಿಂದ ಅಕ್ಷರ ಸೊಟ್ಟಗಾಗಿದೆ. ಅರ್ಜಿಯ ಎಡಮೂಲೆಯಲ್ಲಿ ತೇವವಾಗಿ, ಬೆಚ್ಚಗೆ, ಹರಡುತ್ತಿರುವ ಗುರುತು ಶಾಯಿ ಚೆಲ್ಲಿದ್ದಲ್ಲ. ಅದು ತೊಡೆಯ ಮೇಲಿನ ಸಾಕ್ಷಿದಾರಳ ರುಜು. ತಮ್ಮ ವಿಷಯದಲ್ಲಿ ಅವಳ ಅಭಿಪ್ರಾಯವೂ ಅದೇ ಎಂದು ತಿಳಿಯತಕ್ಕದ್ದು.