ವೆರೋನಾದ ವೈನು, ಅತ್ತೆಯ ಅವರೆಬೇಳೆ

ವೈನಿನ ವಿಷಯದಲ್ಲಿ ನಾನು ಪಂಡಿತನಾದದ್ದು ಒಂದೇ ವಾರದಲ್ಲಿ. ಸಾರು, ಹುಳಿ, ಮಜ್ಜಿಗೆಯ ಮನೆಯಲ್ಲಿ ಬೆಳೆದ ಮೈಸೂರಿನವನಿಗೆ ಇದೇನು ಸಣ್ಣ ಸಾಧನೆಯೇ! ಇಟಲಿಯ ವೆರೋನಾಕ್ಕೆ ಪೂರ್ವದಲ್ಲಿ ಸೊವಾವೆ ಎಂಬ ಊರಿದೆ, ಅಲ್ಲಿಯ ಗುಡ್ಡಗಳಲ್ಲಿ ಜ್ವಾಲಾಮುಖಿಯ ಮಣ್ಣಿದೆ, ಆ ಮಣ್ಣಿನಲ್ಲಿ ಬೆಳೆಯುವ ಬಿಳಿ ದ್ರಾಕ್ಷಿಯ ವೈನಿಗೆ ಊರಿನದೇ ಹೆಸರು, ಗುಟುಕರಿಸಿದರೆ ಕೊನೆಯಲ್ಲಿ ಬಾದಾಮಿಯ ರುಚಿ ಬರುತ್ತದೆ. ಇಷ್ಟನ್ನೂ ನಾನು ಒಂದು ತೊಟ್ಟೂ ಕುಡಿಯದೆ ಕಲಿತಿದ್ದೆ.

ಕಲಿತದ್ದು ಟೋನಿಯವರಿಗಾಗಿ. ಅಮೆರಿಕದ ಜಾರ್ಜಿಯಾ ರಾಜ್ಯದ ಕಮ್ಮಿಂಗ್‌ನಲ್ಲಿ ನಮ್ಮ ಪಕ್ಕದ ಮನೆಯವರು, ಎಪ್ಪತ್ತು ದಾಟಿದವರು. ಅವರ ಅಜ್ಜಿ ಹುಟ್ಟಿದ್ದು ವೆರೋನಾದ ಹತ್ತಿರ. ಎರಡು ವರ್ಷದ ಹಿಂದಿನ ಚಳಿಗಾಲ ನಮ್ಮ ಅತ್ತೆ ಇಲ್ಲಿಗೆ ಬಂದಿದ್ದಾಗ ಇಬ್ಬರೂ ಬೇಲಿಯ ಆಚೆ ಈಚೆ ನಿಂತು, ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದಿದ್ದರೂ, ಧಾರಾಳವಾಗಿ ಹರಟುತ್ತಿದ್ದರು. ಊರಿಗೆ ಮರಳಿದ ಕೆಲವೇ ತಿಂಗಳಲ್ಲಿ ಅತ್ತೆ ತೀರಿಕೊಂಡರು. ಸುದ್ದಿ ತಿಳಿದು ಮೊದಲು ನಮ್ಮ ಬಾಗಿಲು ತಟ್ಟಿದವರು ಟೋನಿ, ಬಿಸಿ ಪಾಸ್ತಾ ಹಿಡಿದುಕೊಂಡು. ಅವರನ್ನೊಂದು ದಿನ ಊಟಕ್ಕೆ ಕರೆಯಬೇಕು ಎಂದು ನನ್ನ ಹೆಂಡತಿ ಶೈಲಾ ಆವತ್ತಿನಿಂದ ಹೇಳುತ್ತಲೇ ಇದ್ದಳು.

ಅತ್ತೆ ಊರಿಗೆ ಹೊರಡುವ ಮುಂಚೆ ಅವರೆಕಾಳು ನೆನೆಸಿ, ಟಿವಿ ಮುಂದೆ ಕೂತು ಒಂದೊಂದನ್ನೇ ಹಿತಕಿ, ಬೇಳೆಯನ್ನು ಪ್ಯಾಕೆಟ್ ಮಾಡಿ ಫ್ರೀಜರಿನಲ್ಲಿಟ್ಟಿದ್ದರು. ಒಂದು ಪ್ಯಾಕೆಟ್ ಉಳಿದಿತ್ತು. ಶೈಲಾ ಅದನ್ನು ಬೇಯಿಸುತ್ತಿರಲಿಲ್ಲ, ನಮ್ಮನ್ನು ಮುಟ್ಟಲೂ ಬಿಡುತ್ತಿರಲಿಲ್ಲ. ಹಬ್ಬಗಳು ಬಂದುಹೋದವು. ಪ್ಯಾಕೆಟ್ ಮೂಲೆಯಲ್ಲೇ ಇತ್ತು.

ಕಡೆಗೂ ಒಂದು ಬೇಸಿಗೆಯ ಶನಿವಾರ ಟೋನಿಯವರ ಊಟ ನಿಗದಿಯಾಯಿತು. ಈ ವೈನಿಗೆ ಮೀನು ಚೆನ್ನ, ಹಸಿ ಬಟಾಣಿ ಹಾಕಿದ ಅನ್ನ ಇನ್ನೂ ಚೆನ್ನ, ಆದ್ದರಿಂದ ಅಡುಗೆ ವೈನಿಗೆ ಹೊಂದುವಂತಿರಬೇಕು ಎಂದು ನಾನು ಉಪನ್ಯಾಸ ಕೊಟ್ಟೆ. ಶೈಲಾ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಬಿಸಿಬೇಳೆಬಾತ್ ಮಾಡ್ತಿದೀನಿ. ಅದಕ್ಕೆ ಹೊಂದೋದು ಬೂಂದಿ ಕಣ್ರೀ," ಎಂದಳು.

ವೈನನ್ನು ತಣ್ಣಗೆ ಕೊಡಬೇಕು ಎಂಬುದೂ ನನಗೆ ಗೊತ್ತಿತ್ತು. ಕೊಂಡು ತಂದ ಬಾಟಲಿ ಇನ್ನೂ ಕಾರಿನಲ್ಲೇ ಇದೆ ಎಂಬುದು ಮಾತ್ರ ಮರೆತಿತ್ತು. ಜಾರ್ಜಿಯಾದ ಬಿಸಿಲಿಗೆ ಅದು ಕಷಾಯದ ಹದಕ್ಕೆ ಬಂದಿತ್ತು! ಐಸ್ ಇರಲಿಲ್ಲ. ಆದರೆ ಎಂಜಿನಿಯರ್‌ನ ತಲೆ ಇತ್ತಲ್ಲ. ಪಿಕ್‌ನಿಕ್ ಕೂಲರನ್ನು ಗರಾಜಿನಲ್ಲಿಟ್ಟು, ಫ್ರೀಜರಿನಲ್ಲಿ ಕೈಗೆ ಸಿಕ್ಕ ಪ್ಯಾಕೆಟ್‌ಗಳನ್ನೆಲ್ಲ, ಪರೋಟ, ಕಾಯಿತುರಿ, ಏನೇನೋ, ತಂದು ಸುರಿದು, ನಡುವೆ ಬಾಟಲಿಯನ್ನು ಮಲಗಿಸಿದೆ. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಆಗ ಹೊಳೆಯಿತು. ಬಿರಡೆ ತೆಗೆಯುವ ತಿರುಪು ನಮ್ಮ ಮನೆಯಲ್ಲಿಲ್ಲ! ಕಾರು ಹತ್ತಿ ಓಡಿದೆ. ಒಂದು ಅಂಗಡಿಯಲ್ಲಿ ಇರಲಿಲ್ಲ, ಇನ್ನೊಂದರಲ್ಲಿ ಎಲ್ಲಿದೆ ಎಂದು ಅವರಿಗೇ ಗೊತ್ತಿರಲಿಲ್ಲ, ಮೂರನೆಯದರಲ್ಲಿ ಸಿಕ್ಕಿತು. ವಿಜಯಶಾಲಿಯಾಗಿ ಮರಳಿದರೆ ಗರಾಜಿನಲ್ಲಿ, ನಾನು ಅವಸರದಲ್ಲಿ ಮುಚ್ಚದೇ ಹೋದ ಕೂಲರಿನ ಮುಚ್ಚಳ ತೆರೆದೇ ಇದೆ. ಪಕ್ಕದ ಮೆಟ್ಟಿಲ ಮೇಲೆ ಶೈಲಾ ಕೂತಿದ್ದಾಳೆ. ಮಡಿಲಲ್ಲಿ ಮೆತ್ತಗಾದ ಪ್ಯಾಕೆಟ್.

"ಅಮ್ಮ ಹಿತಕಿದ್ದು ಇದೊಂದೇ ಉಳಿದಿತ್ತು," ಎಂದಳು.

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮತ್ತೆ ಫ್ರೀಜರಿನಲ್ಲಿಡೋಣ ಎಂದು ತೊದಲಿದೆ. ಕರಗಿದ್ದನ್ನು ಮತ್ತೆ ಇಟ್ಟರೆ ಕೆಡುತ್ತದೆ ಎಂದಳು. ಕಣ್ಣೊರೆಸಿಕೊಂಡು ಎದ್ದಳು.

"ಕಾಯಿತುರಿ ತನ್ನಿ. ಅದೂ ಕರಗಿದೆ ತಾನೆ?"

ಬಿಸಿಬೇಳೆಬಾತ್ ರದ್ದಾಯಿತು. ಹಿತಕಿದ ಬೇಳೆಯ ಸಾರು ಕುದಿಯಿತು. ಆ ಸೊಗಡು ಮನೆಯಲ್ಲೆಲ್ಲ ಹರಡಿದಾಗ, ಅತ್ತೆ ಒಳಗಿನಿಂದ "ತಟ್ಟೆ ಹಾಕ್ಲಾ?" ಎಂದು ಕೇಳುತ್ತಾರೇನೋ ಅನ್ನಿಸಿತು. ನಾವಿಬ್ಬರೂ ಮುಖ ನೋಡಿಕೊಳ್ಳಲಿಲ್ಲ.

ಟೋನಿ ಬಂದರು. ಊಟಕ್ಕೆ ಮುಂಚೆ ನಾನು ಗಂಭೀರವಾಗಿ ವೈನಿನ ಚರಿತ್ರೆ ಹೇಳಿ, ಬಿರಡೆಯ ತಿರುಪನ್ನು ಹೊರತೆಗೆದೆ. ಅವರು ಮೆಲ್ಲಗೆ ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು ಮುಚ್ಚಳವನ್ನು ತಿರುಗಿಸಿದರು. ಬಂದೇಬಿಟ್ಟಿತು. ನೀರಿನ ಬಾಟಲಿಯ ಮುಚ್ಚಳದಂಥದೇ ಮುಚ್ಚಳ! ಪಂಡಿತರು ಒಂದು ವಾರ ಅದರ ಮಣ್ಣನ್ನು ಓದಿದ್ದರು, ಮುಚ್ಚಳವನ್ನು ನೋಡಿರಲಿಲ್ಲ.

ಟೋನಿ ಎರಡು ತುತ್ತು ತಿಂದು ಚಮಚ ಕೆಳಗಿಟ್ಟರು. ಅವರ ಅಜ್ಜಿ ವಸಂತದಲ್ಲಿ ಹಸಿ ಬಟಾಣಿಯ ಅನ್ನ ಮಾಡುತ್ತಿದ್ದರಂತೆ. ಇವರು ಪಕ್ಕದಲ್ಲಿ ಕೂತು ಬಟಾಣಿ ಬಿಡಿಸಬೇಕಿತ್ತಂತೆ. ಮೇಜಿನ ಮೇಲೆ ಇದೇ ವೈನು. ಈ ಬೇಳೆ ಹಿತಕಿದ್ದು ಯಾರು ಎಂದು ಕೇಳಿದರು. ಅಷ್ಟೇ ಸಾಕಾಯಿತು. ತಿಂಗಳುಗಟ್ಟಲೆ ಅಮ್ಮನ ಹೆಸರೆತ್ತದ ಶೈಲಾ ಹೇಳತೊಡಗಿದಳು. ಅಮ್ಮ ಟಿವಿ ನೋಡುತ್ತ ಹಿತಕುತ್ತಿದ್ದದ್ದು, ಅಳುವ ಸೀನಿಗೆ ಕೈ ನಿಲ್ಲುತ್ತಿದ್ದದ್ದು, ಬೇಳೆಯ ಬದಲು ಸಿಪ್ಪೆಯನ್ನೇ ಡಬ್ಬಿಗೆ ಹಾಕಿದ್ದು. ಹೇಳುತ್ತ ಅತ್ತಳು, ಅದರ ನಡುವೆಯೇ ನಕ್ಕಳು. ವೈನಿನಲ್ಲಿ ಬಾದಾಮಿ ಇತ್ತೋ ಇಲ್ಲವೋ ಯಾರೂ ಗಮನಿಸಲಿಲ್ಲ. ನನಗೆ ಸಿಕ್ಕಿದ್ದು ಬರೀ ಹುಳಿ.

ಈ ಚಳಿಗಾಲ ಇಂಡಿಯನ್ ಅಂಗಡಿಗೆ ಹಸಿ ಅವರೆಕಾಯಿ ಬಂತು. ಫ್ರೀಜರಿನ ಆ ಮೂಲೆಯನ್ನು ತುಂಬಿಸುವ ಶಿಕ್ಷೆ ನನಗೆ. ಅತ್ತೆ ಹಿತಕಿದರೆ ಬೇಳೆ ಪಾತ್ರೆಗೆ ಬೀಳುತ್ತಿತ್ತು, ನಾನು ಹಿತಕಿದರೆ ಟಿವಿಗೆ ಬಡಿಯುತ್ತದೆ. "ಅಮ್ಮ ಹೀಗಲ್ಲಾರೀ ಮಾಡ್ತಿದ್ದಿದ್ದು," ಎಂದು ಶೈಲಾ ಪಕ್ಕದಲ್ಲಿ ಕೂತು ತೋರಿಸಿಕೊಡುತ್ತಾಳೆ. ನಿನ್ನೆ ಒಂದು ಬೇಳೆ ಚಂಗನೆ ಹಾರಿ, ಟೋನಿ ಕೊಟ್ಟ ಹೊಸ ಬಾಟಲಿಯಿಂದ ನಾನು ಠೀವಿಯಿಂದ ಬಗ್ಗಿಸಿಕೊಂಡಿದ್ದ ಗ್ಲಾಸಿನೊಳಗೆ ಬಿತ್ತು. ವೈನಿಗೂ ಊಟಕ್ಕೂ ನಾನು ಸ್ವಂತ ಕೈಯಿಂದ ಹೊಂದಿಸಿದ್ದು ಇದೊಂದೇ.